ಚಾಲು

ಎಂಟು ತಿಂಗಳಿಂದ ಶಾರದವ್ವ ತಮ್ಮನ ಬಾಯಿಂದ ಕೇಳಿದ್ದು ಒಂದೇ ಒಂದು ಮಾತು. ಲಕ್ವ ಹೊಡೆದು ಅಶೋಕನ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಅಷ್ಟು ಮಾತುಗಳು ಹೋದರೂ ಅದು ಹೇಗೋ ಒಂದು ಉಳಿದುಕೊಂಡಿತ್ತು: ‘ಚಾಲು’. ಪ್ರತಿ ಭಾನುವಾರ ಅವನ ಮಗಳು ಜಾಹ್ನವಿ ವಿಶಾಖಪಟ್ಟಣದಿಂದ ಹುಬ್ಬಳ್ಳಿಗೆ ಫೋನ್ ಹಚ್ಚಿ ಅಪ್ಪನ ಕಿವಿಗೆ ಹಿಡಿಯುತ್ತಿದ್ದಳು.

“ಹೆಂಗದೀಯೋ ತಮ್ಮಾ?”

“ಚಾಲು.”

“ಊಟ ಆತೇನು?”

“ಚಾಲು.”

“ಕಾಲು ಎತ್ತಾಕ ಬರತೈತೇನು?”

“ಚಾಲು, ಚಾಲು.”

ಫೋನ್ ಇಟ್ಟ ಮೇಲೆ ಶಾರದವ್ವ ಸೊಸೆ ಅರ್ಪಿತಾಳಿಗೆ ಹೇಳುತ್ತಿದ್ದಳು, “ಎಲ್ಲಾ ಚಾಲು ಐತಂತ. ಗಟ್ಟಿ ಮನಷ್ಯಾ ಅಂವ.” ಅವ್ವನ ಕಾಲದಿಂದ ನಡೆಸಿಕೊಂಡು ಬಂದ ಖಾನಾವಳಿಯ ಹಿಂಬಾಗಿಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಮಲಗಿದ್ದವಳಿಗೆ ಆ ಒಂದು ಮಾತೇ ಧೈರ್ಯ ಕೊಡುತ್ತಿತ್ತು. ಕೋಲು ಹಿಡಿದು ನಡೆಯುವಂತಾದದ್ದೇ ತಡ, ಒಲೆಯನ್ನು ಸೊಸೆಯ ಕೈಗೆ ಒಪ್ಪಿಸಿ, ಎರಡು ಡಬ್ಬಿ ಶೇಂಗಾ ಚಟ್ನಿ, ಒಂದು ಗಂಟು ಕಟಕ್ ರೊಟ್ಟಿ ಕಟ್ಟಿಕೊಂಡು ರೈಲು ಹತ್ತಿಬಿಟ್ಟಳು. ವಿಜಯವಾಡದಲ್ಲಿ ತಮ್ಮನ ಚಿತ್ರಗಳ ಪ್ರದರ್ಶನ ಇದೆಯೆಂದು ಜಾಹ್ನವಿ ಕರೆದಿದ್ದಳು. ಪ್ರದರ್ಶನ ಒಂದು ನೆಪ. ತಮ್ಮನ ಮುಖ ನೋಡಬೇಕಿತ್ತು.

ನೋಡಿದಳು. ವಿಶಾಖಪಟ್ಟಣದ ಮಧುರವಾಡದ ಆ ನಾಲ್ಕನೇ ಮಹಡಿಯ ಮನೆಯಲ್ಲಿ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದವನನ್ನು ನೋಡಿ ಅವಳಿಗೆ ಮೊದಲು ಕಂಡದ್ದು ಲಕ್ವವಲ್ಲ, ಅವನ ಕೊರಳು. ಅಂಗಿಯ ಕಾಲರಿನೊಳಗೆ ಎರಡು ಬೆರಳು ಹೋಗುವಷ್ಟು ಜಾಗವಿತ್ತು. ನಲವತ್ತೈದು ವರ್ಷ ಊಟಕ್ಕೆ ಹಾಕಿದವಳು ಅವಳು. ಸೊರಗಿದ ಮನುಷ್ಯ ಬೇರೆ, ಹಸಿದ ಮನುಷ್ಯ ಬೇರೆ ಎನ್ನುವುದು ಅವಳ ಕಣ್ಣಿಗೆ ಗೊತ್ತಿತ್ತು.

ಅಶೋಕ ಇಪ್ಪತ್ತಾರನೇ ವಯಸ್ಸಿನಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ಈ ಊರಿಗೆ ಬಂದವನು. ಜೊತೆಗೆ ಕೆಲಸ ಮಾಡುತ್ತಿದ್ದ ವಿಜಯವಾಡದ ಸೀತಾಮಹಾಲಕ್ಷ್ಮಿಯನ್ನು ಮದುವೆಯಾದ. ಮನೆಯ ಮಾತು ನಿಧಾನಕ್ಕೆ ತೆಲುಗಾಯಿತು. ಕನ್ನಡ ಹುಬ್ಬಳ್ಳಿಯ ಫೋನಿಗೆ ಮಾತ್ರ ಉಳಿಯಿತು. ಜಾಹ್ನವಿಗೂ ಬರುತ್ತಿದ್ದುದು ಅತ್ತೆಯ ಜೊತೆ ಆಡುವಷ್ಟೇ ಕನ್ನಡ, ಅದೂ ಅರ್ಧ ದಾರಿಯಲ್ಲಿ ತೆಲುಗಿಗೆ ಹೊರಳುವಂಥದ್ದು. ನಾಲ್ಕು ವರ್ಷದ ಹಿಂದೆ ಸೀತಾಮಹಾಲಕ್ಷ್ಮಿ ತೀರಿಕೊಂಡಳು. ಆಮೇಲೆ ಅಶೋಕ ಅದುವರೆಗೆ ರಜಾದಿನಗಳಲ್ಲಿ ಮಾತ್ರ ಆಡುತ್ತಿದ್ದ ಒಂದು ಆಟವನ್ನು ದಿನವೂ ಆಡತೊಡಗಿದ.

ಆಟ ಇಷ್ಟೇ. ಬಣ್ಣದ ದಪ್ಪ ಕಾಗದವನ್ನು ಕತ್ತರಿಸಿ ದುಂಡು, ಅರೆದುಂಡು, ಚೌಕ, ಮುಮ್ಮೂಲೆ, ಪಟ್ಟಿ ಮಾಡಿ ಒಂದು ತಟ್ಟೆಯ ತುಂಬ ಇಟ್ಟುಕೊಳ್ಳುವುದು. ಬಿಳಿ ಹಲಗೆಯ ಮೇಲೆ ಅವನ್ನು ಒಂದೊಂದೇ ಇಟ್ಟು, ಸರಿಸಿ, ತಿರುಗಿಸಿ, ಒಂದರ ಮೇಲೊಂದು ಹತ್ತಿಸಿ ನೋಡುತ್ತ ಕೂರುವುದು. ಹಿಂದೊಮ್ಮೆ ಬಂದಾಗ ಶಾರದವ್ವ ಕೇಳಿದ್ದಳು, “ಇದರಾಗ ಮನಿ ಎಲ್ಲೈತಿ, ಗಿಡ ಎಲ್ಲೈತಿ, ಮನಷ್ಯಾ ಎಲ್ಲಿದ್ದಾನ?” ಅಶೋಕ ನಕ್ಕಿದ್ದ. “ಯಾರೂ ಇಲ್ಲಕ್ಕಾ. ದುಂಡಂದು ಬರೇ ದುಂಡಂದು. ಅವು ತಮ್ಮಷ್ಟಕ್ಕ ಆಡ್ತಾವ, ನಾ ಜಾಗಾ ಕೊಡ್ತೀನಿ.” ಆ ಆಕಾರಗಳಿಗೆ ಅವನು ಇಟ್ಟುಕೊಂಡಿದ್ದ ಹೆಸರುಗಳು ಮಾತ್ರ ಅವ್ವನ ಅಡುಗೆಮನೆಯವು: ದುಂಡಿಗೆ ರೊಟ್ಟಿ, ಅರೆದುಂಡಿಗೆ ಕರಚಿಕಾಯಿ, ಚೌಕಕ್ಕೆ ಶಂಕರಪಾಳಿ. ಬೇರೆಯವರು ದೊಡ್ಡ ದೊಡ್ಡ ಹೆಸರು ಹೇಳಿ ಮಾಡುವ ಕಲೆಯನ್ನು ಈ ನನ್ನ ತಮ್ಮ ಫರಾಳದ ಡಬ್ಬಿ ತೆಗೆದಂತೆ ಮಾಡುತ್ತಾನಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಲಕ್ವದ ನಂತರವೂ ಆಟ ನಿಂತಿರಲಿಲ್ಲ, ಜಾಹ್ನವಿಯಿಂದಾಗಿ. ಅವನು ಎಡಗೈಯ ಬೆರಳಿನಿಂದ ತಟ್ಟೆಯಲ್ಲಿದ್ದ ತುಂಡನ್ನು ತೋರಿಸುವನು, ಇವಳು ಎತ್ತಿ ಹಲಗೆಯ ಮೇಲೆ ಅವನ ಬೆರಳು ಹೋದಲ್ಲಿ ಇಡುವಳು. ಹಾಗೆ ಮಾಡಿದ ಹದಿನಾಲ್ಕು ಹಲಗೆಗಳ ಫೋಟೋ ನೋಡಿ ವಿಜಯವಾಡದಲ್ಲಿ ಚಿತ್ರಶಾಲೆ ನಡೆಸುವ ರಾಜ್ಯಶ್ರೀ ಎಂಬಾಕೆ ಮರುಳಾಗಿದ್ದಳಂತೆ. ಹದಿನಾಲ್ಕೂ ಆಗಲೇ ಅಲ್ಲಿಗೆ ಹೋಗಿ, ಗಾಜು ಕಟ್ಟು ಹಾಕಿಸಿಕೊಂಡು ಕೂತಿದ್ದವು.

ಬಂದ ದಿನ ಮಧ್ಯಾಹ್ನ ಜಾಹ್ನವಿ ಅಪ್ಪನಿಗೆ ಮೆತ್ತಗೆ ಕಲಸಿದ ಅನ್ನ ತಿನ್ನಿಸುತ್ತಿದ್ದಳು. ಮೂರು ಚಮಚ ಆಯಿತು. ಅವನೆಂದ, “ಚಾಲು.” ಅವಳು ತಕ್ಷಣ ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿದಳು.

“ಇಷ್ಟ?” ಎಂದಳು ಶಾರದವ್ವ.

“ಇಷ್ಟೇ ತಿಂತಾರೆ ಅತ್ತಾ. ಜಾಸ್ತಿ ಹಾಕಿದ್ರೆ ಗಂಟಲಲ್ಲಿ ಇರುಕ್ಕೊಳ್ತದೆ ಅಂತ ಡಾಕ್ಟರ್ ಗಾರು ಹೇಳಿದ್ರು. ನಾನು ಬಲವಂತ ಮಾಡಲ್ಲ.”

ಬಟ್ಟಲು ಅಡುಗೆಮನೆಗೆ ಹೋಗುವವರೆಗೂ ಅಶೋಕನ ಕಣ್ಣು ಅದರ ಹಿಂದೆ ಹೋಯಿತು. ಶಾರದವ್ವ ಅದನ್ನು ನೋಡಿದಳು. ಹುಡುಗಿಗೆ ತಾಳ್ಮೆ ಕಡಿಮೆ, ಆಫೀಸಿನ ಗಡಿಬಿಡಿಯಲ್ಲಿ ಬಟ್ಟಲು ಬೇಗ ಎತ್ತುತ್ತಾಳೆ ಎಂದುಕೊಂಡಳು. ಆದರೆ ಸಂಜೆಯವರೆಗೆ ಕೂತು ನೋಡಿದರೆ ಹಾಗೂ ಅನ್ನಿಸಲಿಲ್ಲ. ಇವಳು ಅಪ್ಪನ ಮಂಚದ ಪಕ್ಕ ನೆಲದ ಮೇಲೆ ಮಲಗುವವಳು. ಅವನ ಉಗುರನ್ನು ಮಗುವಿನದಕ್ಕೆ ತೆಗೆಯುವಂತೆ ತೆಗೆಯುವವಳು. ಕಿವಿಗೆ ಆಫೀಸಿನ ಮಾತು ಸಿಕ್ಕಿಸಿಕೊಂಡೇ ಅವನ ಪಾದಕ್ಕೆ ಎಣ್ಣೆ ತಿಕ್ಕುವವಳು. ತಾಳ್ಮೆ ಇಲ್ಲದವರ ಕೈ ಹೀಗಿರುವುದಿಲ್ಲ.

ಗಂಟು ಬಿಚ್ಚಿಕೊಂಡದ್ದು ಮರುದಿನ, ಅದೂ ನಗೆಯಲ್ಲಿ. ಎದುರು ಮನೆಯ ಸಾಯಿಲಕ್ಷ್ಮಿ ಹುಬ್ಬಳ್ಳಿಯಿಂದ ಬಂದ ಅಶೋಕನ ಅಕ್ಕನನ್ನು ನೋಡಲು ಬಂದಿದ್ದಳು. ಬಂದವರನ್ನು ಊಟವಿಲ್ಲದೆ ಕಳಿಸುವುದು ಶಾರದವ್ವನ ಕೈಗೆ ಗೊತ್ತಿಲ್ಲ. ರೊಟ್ಟಿ, ಎಣ್ಣೆಗಾಯಿ ಬಡಿಸಿ ಕೊನೆಗೆ ಅನ್ನ ಹಾಕಿ ಸಾರು ಹೊಯ್ಯತೊಡಗಿದಳು.

“ಚಾಲಂಡಿ, ಚಾಲು,” ಎಂದಳು ಸಾಯಿಲಕ್ಷ್ಮಿ.

ಶಾರದವ್ವ ಇನ್ನೊಂದು ಸೌಟು ಹೊಯ್ದಳು.

“ಅಯ್ಯೋ, ಚಾಲು ಚಾಲು!”

“ಚಾಲು, ಚಾಲು,” ಎಂದು ಖುಷಿಯಿಂದ ಒಪ್ಪಿಕೊಂಡು ಶಾರದವ್ವ ಮೂರನೆಯದನ್ನೂ ಹೊಯ್ದಳು. ಸಾರು ತಟ್ಟೆಯ ಅಂಚು ದಾಟಿ ಸಾಯಿಲಕ್ಷ್ಮಿಯ ಸೀರೆಯ ಮೇಲೆ ಹೋಯಿತು.

“ಚಾಲಂಟೇ ಇಂಕಾ ವೇಸ್ತಾರೇಂಟಂಡೀ!”

ಬಾಗಿಲಲ್ಲಿ ನಿಂತಿದ್ದ ಜಾಹ್ನವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕವಳಂತೆ ಕಣ್ಣಲ್ಲಿ ನೀರು ಬಂತು. “ಅತ್ತಾ, ಅವರು ಸಾಕು ಅಂತಿದ್ದಾರೆ! ಚಾಲು ಅಂದ್ರೆ ಸಾಕು. ನಿಲ್ಲಿಸಿ ಅಂತ!”

ಸೌಟು ಶಾರದವ್ವನ ಕೈಯಲ್ಲೇ ನಿಂತಿತು. “ನಿಮ್ಮ ತೆಲುಗು ನನಗೇನು ತಿಳೀತೈತಿ, ಯವ್ವಾ,” ಎಂದು ಅವಳೂ ನಗಲು ನೋಡಿದಳು. ಸೀರೆ ಒರೆಸಲು ಬಟ್ಟೆ ತರುತ್ತೇನೆಂದು ಅಡುಗೆಮನೆಗೆ ಹೋಗಿ, ಅಲ್ಲಿ ಕಟ್ಟೆ ಹಿಡಿದುಕೊಂಡು ನಿಂತಳು.

ಹುಬ್ಬಳ್ಳಿಯಲ್ಲಿ ಗಿರಣಿ ಚಾಲು ಐತೇನು ಎಂದು ಕೇಳುತ್ತಾರೆ. ಓಡುತ್ತಿದೆಯೇ ಎಂದರ್ಥ. ಕೆಲಸ ಚಾಲು ಮಾಡು ಎಂದರೆ ಶುರುಮಾಡು, ನಡೆಸು. ಅವ್ವನ ಖಾನಾವಳಿಯ ಬಾಗಿಲಿಗೆ ದಿನಾ ಬೆಳಿಗ್ಗೆ ತೂಗುಹಾಕುತ್ತಿದ್ದ ಹಲಗೆಯ ಮೇಲೂ ಅದೇ ಇತ್ತು: ‘ಊಟ ಚಾಲು ಐತಿ’. ಅಕ್ಷರ ಬರೆದವನು ಆರನೇ ಇಯತ್ತೆಯ ಅಶೋಕ. ನಾಲ್ಕು ಮೂಲೆಗೂ ಒಂದೊಂದು ಕೆಂಪು ದುಂಡು ಬಳಿದು, ಅವು ರೊಟ್ಟಿ ಎಂದಿದ್ದ. ಅವನ ಮೊದಲನೇ ಚಿತ್ರ ಎಂದರೆ ಅದೇ. ಮಾತೆಲ್ಲ ಬಿದ್ದುಹೋದಾಗ ತಳದಲ್ಲಿ ಸಿಕ್ಕಿಕೊಂಡು ಉಳಿದದ್ದು ಅದೇ ಮಾತು ಎಂದರೆ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಆಶ್ಚರ್ಯಕ್ಕಿಂತ ಮೊದಲು ಇನ್ನೊಂದು ತಿಳಿಯಿತು. ಎಂಟು ತಿಂಗಳು ಅವನು ಹಾಕು ಹಾಕು ಎಂದಿದ್ದಾನೆ. ಜಾಹ್ನವಿ ಸಾಕು ಎಂದು ತಿಳಿದು ಬಟ್ಟಲು ಎತ್ತಿದ್ದಾಳೆ.

ಆ ರಾತ್ರಿಯ ಊಟವನ್ನು ಶಾರದವ್ವ ತಾನೇ ತಿನ್ನಿಸಿದಳು. ಹಾಲಿನಲ್ಲಿ ನೆನೆಸಿದ ರೊಟ್ಟಿ, ಬೆಲ್ಲ. ನಾಲ್ಕು ತುತ್ತಿಗೆ “ಚಾಲು” ಎಂದ. ಅವಳು ಐದನೆಯದನ್ನು ಹಿಡಿದಳು. ಅಶೋಕ ಅಕ್ಕನ ಮುಖವನ್ನೇ ನೋಡುತ್ತ ಬಾಯಿ ತೆರೆದ. ಎರಡು ರೊಟ್ಟಿ ಮುಗಿಯಿತು. ಕಣ್ಣೀರು ಕೆನ್ನೆಯಿಂದ ಇಳಿದು ಹಾಲಿನ ಬಟ್ಟಲಿಗೆ ಬೀಳುತ್ತಿದ್ದರೂ ಅವನು ಅಗಿಯುವುದನ್ನು ನಿಲ್ಲಿಸಲಿಲ್ಲ.

“ನೋಡಿ, ನಿಮ್ಮ ಕೈಯಿಂದ ಎಷ್ಟು ತಿಂದ್ರು!” ಎಂದಳು ಜಾಹ್ನವಿ. ಅವಳ ಮುಖದಲ್ಲಿ ಸಂತೋಷದ ಜೊತೆ ಒಂದಿಷ್ಟು ಸೋಲೂ ಇತ್ತು.

“ಹುಟ್ಟಿದೂರಿನ ರೊಟ್ಟಿ ಅಲ್ಲೇನು,” ಎಂದಳು ಶಾರದವ್ವ. “ಗಂಟಲಕ್ಕ ಗುರ್ತು ಹತ್ತಿರಬೇಕು.”

ಹೇಳಬೇಕೋ ಬೇಡವೋ ಎಂದು ಅವಳು ಎರಡು ದಿನ ಒಳಗೇ ತೂಗಿದಳು. ಊಟದ ವಿಷಯ ಹೇಗೂ ತನ್ನ ಕೈಗೆ ಬಂತು, ಅದನ್ನು ಹೇಳದೆಯೂ ಸರಿಮಾಡಬಹುದು. ಹಲಗೆಗಳದ್ದು ಹಾಗಲ್ಲ. ಅವನು ‘ಚಾಲು’ ಎಂದಾಗಲೆಲ್ಲ ಅಪ್ಪನನ್ನು ತೆಲುಗಿನವರಂತೆ ‘ನಾನ್ನಾ’ ಎನ್ನುವ ಈ ಹುಡುಗಿ ‘ಚಾಲಾ ನಾನ್ನಾ? ಸರೇ’ ಎಂದು ಅಂಟು ತಂದು ತುಂಡುಗಳನ್ನು ಇದ್ದಲ್ಲೇ ಅಂಟಿಸಿ ಹಲಗೆ ಎತ್ತಿಟ್ಟಿದ್ದಾಳೆ. ಪ್ರದರ್ಶನಕ್ಕೆ ರಾಜ್ಯಶ್ರೀ ಇಟ್ಟಿರುವ ಹೆಸರು ಕೂಡ ‘ಚಾಲು’. ಇಷ್ಟು ಸಾಕು ಎಂದು ನಿಲ್ಲಿಸಬಲ್ಲವನೇ ಕಲಾವಿದ, ಖಾಲಿ ಬಿಟ್ಟ ಜಾಗದಲ್ಲೇ ಇವನ ಧೈರ್ಯ ಇರುವುದು ಎಂದೆಲ್ಲ ಆಹ್ವಾನ ಪತ್ರಿಕೆಯಲ್ಲಿ ಬರೆದಿದೆಯೆಂದು ಜಾಹ್ನವಿ ಓದಿ ಹೇಳಿದ್ದಳು. ಓದುವಾಗ ಅವಳ ದನಿ ನಡುಗಿತ್ತು. ನಿನ್ನ ಅಪ್ಪ ಹದಿನಾಲ್ಕು ಸಲ ನಡೆಸು ಎಂದ, ನೀನು ಹದಿನಾಲ್ಕು ಸಲ ನಿಲ್ಲಿಸಿದೆ ಎಂದು ಈ ಮುಖಕ್ಕೆ ಹೇಳುವುದು ಹೇಗೆ? ಹೇಳಿ ಆಗುವುದಾದರೂ ಏನು? ಪ್ರದರ್ಶನ ಮುಗಿಯಲಿ. ಆಮೇಲೆ ಏನೋ ಒಂದು ನೆಪ ಹೇಳಿ ಅಂಟಿನ ಡಬ್ಬಿಯನ್ನೇ ಬಚ್ಚಿಟ್ಟರಾಯಿತು. ಹೀಗೆ ಅವಳು ತನಗೆ ತಾನೇ ಹೇಳಿಕೊಂಡಳು.

ಆದರೆ ಕೈ ಕೇಳಬೇಕಲ್ಲ. ಚಿತ್ರಶಾಲೆಯ ಬಾಗಿಲ ಬಳಿ ತೂಗುಹಾಕಲು ಇನ್ನೊಂದು ಹಲಗೆ ಬೇಕೆಂದು ರಾಜ್ಯಶ್ರೀ ಕೇಳಿದ್ದಳು. ಶನಿವಾರ ಅಪ್ಪ ಮಗಳು ಕೂತು ಹದಿನೈದನೆಯದನ್ನು ಮಾಡಿದರು. ಒಂದು ಕಪ್ಪು ಪಟ್ಟಿ, ಅದರ ತಲೆಯ ಮೇಲೆ ಜಾರಿಬೀಳುವಂತೆ ಒಂದು ಹಳದಿ ಕರಚಿಕಾಯಿ, ಬಲು ದೂರದಲ್ಲಿ ಎರಡು ಪುಟ್ಟ ರೊಟ್ಟಿ. ಅವನು “ಚಾಲು” ಎಂದ. ಜಾಹ್ನವಿ ಅಂಟು ತರಲು ಎದ್ದಳು, ಅಷ್ಟರಲ್ಲಿ ಆಫೀಸಿನ ಫೋನ್ ಬಂದು ಬಾಲ್ಕನಿಗೆ ಹೋದಳು.

ಶಾರದವ್ವ ತಟ್ಟೆಯನ್ನು ಅವನ ಎಡಗೈಯ ಹತ್ತಿರ ಸರಿಸಿದಳು. “ಹೂಂ. ಯಾವುದು?”

ಅವನ ಬೆರಳು ನೆಗೆಯಿತು. ಕೆಂಪು ಮುಮ್ಮೂಲೆ. ಅದು ಕರಚಿಕಾಯಿಯ ಕೆಳಗೆ ಬೇಕಂತೆ. ಅಲ್ಲಲ್ಲ, ತಲೆಕೆಳಗಾಗಿ. ಆಮೇಲೆ ನೀಲಿ ಪಟ್ಟಿ. ಆಮೇಲೆ ದೂರದ ರೊಟ್ಟಿಗಳು ಬಳಿ ಬಂದು ಒಂದಕ್ಕೊಂದು ಡಿಕ್ಕಿ ಹೊಡೆದವು. ಅಶೋಕನ ಗಂಟಲಲ್ಲಿ ಗೊರಗೊರ ಸದ್ದಾಯಿತು. ಅವನು ನಗುತ್ತಿದ್ದಾನೆ ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

“ಅತ್ತಾ! ಏಂಟಿದಿ? ಏನಿದು?”

ಜಾಹ್ನವಿ ಅಂಟಿನ ಡಬ್ಬಿ ಹಿಡಿದು ನಿಂತಿದ್ದಳು.

“ಆಡಾಕತ್ತಿದ್ವಿ, ಯವ್ವಾ.”

“ಅದು ಮುಗಿದಿತ್ತು! ನಾನ್ನ ಚಾಲು ಅಂದ್ರು, ನಾನು ಕೇಳಿಸಿಕೊಂಡೆ. ನೀವು ಯಾಕೆ ಕೈ ಹಾಕಿದ್ರಿ? ಇದೇನು ರೊಟ್ಟಿ ತಟ್ಟೋದಾ?”

“ಚಾಲು,” ಎಂದ ಅಶೋಕ. “ಚಾಲು, ಚಾಲು, ಚಾಲು.”

“ನೋಡಿ, ಅವರೇ ಹೇಳ್ತಿದ್ದಾರೆ ಕದಾ!”

ಹೇಳುವುದಾದರೆ ಹೇಳಬೇಕಿದ್ದ ಗಳಿಗೆ ಅದು. ಶಾರದವ್ವನ ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿಯ ಕಣ್ಣ ಕೆಳಗಿನ ಕಪ್ಪು, ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ಲು, ಎರಡು ದಿನದಿಂದ ಬಾಚದ ತಲೆ ಕಂಡಿತು. ಅವಳು ನುಂಗಿಕೊಂಡಳು.

“ತಪ್ಪಾತು ಯವ್ವಾ. ಖಾಲಿ ಕೈ ನನ್ನವು, ಸುಮ್ಮನ ಇರಂಗಿಲ್ಲ.”

ಜಾಹ್ನವಿ ಕೆಂಪನ್ನು ತೆಗೆದಳು, ನೀಲಿಯನ್ನು ತೆಗೆದಳು, ರೊಟ್ಟಿಗಳನ್ನು ಮತ್ತೆ ದೂರ ಸರಿಸಿದಳು. ಒಂದೊಂದನ್ನೂ ಮೊದಲಿದ್ದ ಜಾಗ ನೆನಪಿಸಿಕೊಂಡು ಅಂಟಿಸಿದಳು. ಅಶೋಕ ಅತ್ತ. ಲಕ್ವ ಆದವರಿಗೆ ಅಳು ಬೇಗ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು.

“ಅಳಿಸಿದ್ರಿ ಅವರನ್ನ,” ಎಂದಳು ಜಾಹ್ನವಿ, ಅಪ್ಪನ ಮುಖ ಒರೆಸುತ್ತ. ಅವತ್ತು ಅತ್ತೆಯ ಜೊತೆ ಮತ್ತೆ ಮಾತಾಡಲಿಲ್ಲ.

ವಿಜಯವಾಡಕ್ಕೆ ಹಗಲು ರೈಲಿನಲ್ಲಿ ಹೋದರು. ದುವ್ವಾಡ ಸ್ಟೇಷನ್ ದಾಟುವಾಗ ಜಾಹ್ನವಿ ಕೋಪ ಮರೆತು ಅತ್ತೆಗೆ ಚಹಾ ತೆಗೆದುಕೊಟ್ಟಳು. ಅಶೋಕ ಕಿಟಕಿಗೆ ಮುಖ ಹಚ್ಚಿ ಕೂತಿದ್ದ. ಹೊಲದ ಚೌಕ, ಕೆರೆಯ ದುಂಡು, ತಂತಿ ಕಂಬಗಳ ಗೀಟು ಕಂಡಲ್ಲೆಲ್ಲ ಎಡಗೈ ಬೆರಳಿನಿಂದ ಗಾಜಿನ ಮೇಲೆ ಏನೋ ಸರಿಸುತ್ತಿದ್ದ.

ಚಿತ್ರಶಾಲೆ ಇದ್ದದ್ದು ಗವರ್ನರ್‌ಪೇಟೆಯ ಹಿಂದಿನ ಒಂದು ಬೀದಿಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲೆ. ಕುರ್ಚಿಯನ್ನು ಇಬ್ಬರು ಎತ್ತಿ ಮೆಟ್ಟಿಲು ಹತ್ತಿಸಿದರು. ಹೊರಗೆ ಬೆವರು ಸುರಿಯುವ ಸೆಕೆ, ಒಳಗೆ ತಣ್ಣಗೆ ಎ.ಸಿ. ಬಿಳಿ ಗೋಡೆಯ ಮೇಲೆ ಹದಿನೈದು ಗಾಜಿನ ಕಟ್ಟುಗಳು. ರಾಜ್ಯಶ್ರೀ ಐವತ್ತರ ಆಸುಪಾಸಿನ ಹೆಂಗಸು, ಒಳ್ಳೆಯವಳೇ. ಅಶೋಕನ ಪಾದ ಮುಟ್ಟಿ ನಮಸ್ಕರಿಸಿದಳು. ಬಂದ ಮೂವತ್ತು ನಲವತ್ತು ಜನರ ಮುಂದೆ ಏನೋ ತುಂಬ ಹೊತ್ತು ಮಾತಾಡಿದಳು. ಶಾರದವ್ವನಿಗೆ ತಿಳಿದದ್ದು ನಡುನಡುವೆ ಬರುತ್ತಿದ್ದ ‘ಚಾಲು’ ಒಂದೇ.

ಮಾತು ಮುಗಿದ ಮೇಲೆ ಜಾಹ್ನವಿ ಕುರ್ಚಿಯನ್ನು ಗೋಡೆಯ ಹತ್ತಿರ ತಳ್ಳಿಕೊಂಡು ಹೋದಳು. ಅಶೋಕ ಮೊದಲನೇ ಕಟ್ಟನ್ನು ನೋಡಿದ. ಎರಡನೆಯದನ್ನು ನೋಡಿದ. ಮೂರನೆಯದರ ಮುಂದೆ ಎಡಗೈ ಎತ್ತಿದ. ಒಂದು ಮೂಲೆಯಲ್ಲಿ ಮೂರು ಹಸಿರು ಶಂಕರಪಾಳಿ ಒತ್ತಿಕೊಂಡು ನಿಂತಿದ್ದವು, ಉಳಿದದ್ದೆಲ್ಲ ಬಿಳುಪು. ಅವನು ಬೆರಳ ಗೆಣ್ಣಿನಿಂದ ಆ ಬಿಳುಪಿನ ಮೇಲೆ ಗಾಜನ್ನು ಬಡಿದ.

“ಚಾಲು,” ಎಂದ.

ಜನ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಕಲಾವಿದನೇ ತನ್ನ ಖಾಲಿ ಜಾಗದ ಮುಂದೆ ಕೂತು ಇಷ್ಟು ಸಾಕು ಎಂದರೆ ಇನ್ನೇನು ಬೇಕು? ಅಶೋಕ ಚಪ್ಪಾಳೆಯ ಕಡೆ ತಿರುಗಲಿಲ್ಲ. ಮತ್ತೆ ಬಡಿದ. ಇನ್ನೂ ಜೋರಾಗಿ ಬಡಿದ. ಗಾಜಿನ ಆಚೆಯ ಆ ತುಂಡುಗಳನ್ನು ಸರಿಸಲು ಉಗುರಿನಿಂದ ಕೆರೆದ. “ಚಾಲು! ಚಾಲು!”

ಶಾರದವ್ವನಿಗೆ ತಡೆಯಲಾಗಲಿಲ್ಲ. ಕೋಲೂರಿಕೊಂಡು ಬಂದು ಅವನ ಕೈ ಹಿಡಿದಳು. “ಹೌದೋ ತಮ್ಮಾ, ಹೌದು. ನಡಸೂಣಂತ. ಮನೀಗೆ ಹೋಗಿ ನಡಸೂಣ. ಇಲ್ಲಿ ಗಾಜು ಐತೋ, ಕೈ ನೋಯತೈತಿ.”

ಅವನ ಕೈ ಸಡಿಲವಾಯಿತು. ಜನ ಕಾಫಿಯ ಕಡೆ ಸರಿದರು. ಜಾಹ್ನವಿ ಮಾತ್ರ ಕುರ್ಚಿಯ ಹಿಡಿಕೆ ಹಿಡಿದು ಅಲ್ಲೇ ನಿಂತಿದ್ದಳು.

“ಅತ್ತಾ,” ಎಂದಳು. “ನಡಸೂಣ ಅಂದ್ರಿ. ಯಾಕೆ ಹಾಗಂದ್ರಿ?”

“ಸಮಾಧಾನಕ್ಕ ಅಂದೆ.”

“ಹುಬ್ಬಳ್ಳಿಲಿ ಚಾಲು ಅಂದ್ರೆ ಏನು?”

ಜೀವನದಲ್ಲಿ ಶಾರದವ್ವ ಹೇಳಿದ ಸುಳ್ಳುಗಳಿಗೆ ಕೊನೆಯಿಲ್ಲ. ತಳ ಕಂಡ ಪಾತ್ರೆ ಮುಚ್ಚಿ ನನ್ನ ಊಟ ಆಗಿದೆ ಎಂದಿದ್ದಳು. ಸಾಯುತ್ತಿದ್ದ ಗಂಡನಿಗೆ ಮುಖಕ್ಕೆ ಕಳೆ ಬಂದಿದೆ ಎಂದಿದ್ದಳು. ಅಂಥ ಒಂದನ್ನು ಹುಡುಕಿದಳು. ಆದರೆ ಹುಡುಗಿ ಅವಳ ಬಾಯಿ ನೋಡುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದಳು.

“ನಡೀಲಿ ಅಂತ, ಯವ್ವಾ. ನಿಲ್ಲಸಬ್ಯಾಡ ಅಂತ.”

ಜಾಹ್ನವಿ ಗೋಡೆಯ ಕಡೆ ತಿರುಗಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು, “ಊಟದಲ್ಲೂ?”

ಶಾರದವ್ವ ತಮ್ಮನ ಕಾಲರನ್ನು ಸರಿಮಾಡಿದಳು.

“ಅತ್ತಾ, ಊಟದಲ್ಲೂ?”

“ನೀ ಗಂಟಲದಾಗ ಸಿಗತೈತಿ ಅಂತ ಅಂಜಿದ್ದಿ. ಅಂಜಿದ್ದು ತಪ್ಪಲ್ಲ.”

ಜಾಹ್ನವಿ ನೆಲದ ಮೇಲೆ ಕೂತುಬಿಟ್ಟಳು. ರಾಜ್ಯಶ್ರೀ ಓಡಿಬಂದಳು, ನೀರು ತರಿಸಿದಳು, ವಿಷಯ ಕೇಳಿ ತಿಳಿದುಕೊಂಡಳು. ಅವಳಿಗೇನೂ ಆಘಾತವಾದಂತೆ ಕಾಣಲಿಲ್ಲ. ಒಂದೇ ಮಾತಿಗೆ ಎರಡು ಭಾಷೆಯಲ್ಲಿ ಎರಡು ಅರ್ಥ, ಎಷ್ಟು ಚೆಂದ, ಇದನ್ನೂ ಒಂದು ಚೀಟಿ ಬರೆದು ಹಾಕೋಣ ಎಂದಳು.

“ಚೀಟಿ ಬೇಡ ಮೇಡಂ,” ಎಂದಳು ಜಾಹ್ನವಿ. “ನಿಲ್ಲಿಸಿದ್ದು ನಾನ್ನ ಅಲ್ಲ. ನೀವು ಹೊಗಳಿದ್ದೆಲ್ಲ ನಾನು ಮಾಡಿದ ತಪ್ಪು.”

ವಾಪಸು ಬರುವಾಗ ರೈಲಿನಲ್ಲಿ ಅವಳು ಒಮ್ಮೆ ಮಾತ್ರ ಬಾಯಿ ತೆರೆದಳು. “ಆ ಮಾತಿಗೆ ಅರ್ಥವೇ ಇಲ್ಲದೆಯೂ ಇರಬಹುದು ಅಂತ ಡಾಕ್ಟರ್ ಗಾರು ಹೇಳಿದ್ರು. ಏನು ಕೇಳಿದ್ರೂ ಬಾಯಿಗೆ ಅದೇ ಬರ್ತದಂತೆ.”

“ಇರಬಹುದು,” ಎಂದಳು ಶಾರದವ್ವ. ಹುಡುಗಿಗೆ ಹಿಡಿದುಕೊಳ್ಳಲು ಅಷ್ಟಾದರೂ ಇರಲಿ ಎಂದುಕೊಂಡಳು. ಆದರೆ ಜಾಹ್ನವಿ ಅದನ್ನು ಹಿಡಿದುಕೊಳ್ಳಲಿಲ್ಲ. ಮನೆಗೆ ಬಂದವಳೇ ಅಂಟಿನ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದಳು, ಆಫೀಸಿಗೆ ಎರಡು ವಾರ ರಜೆ ಬರೆದಳು, ಎಲ್ಲಕ್ಕಿಂತ ದೊಡ್ಡ ಹಲಗೆಯನ್ನು ಹಾಲ್‌ನ ಮೇಜಿನ ಮೇಲೆ ಹಾಸಿ ಅಪ್ಪನ ಕುರ್ಚಿಯನ್ನು ಅದಕ್ಕೆ ಹಚ್ಚಿದಳು.

ಹತ್ತು ದಿನ ಆಟ ನಡೆಯಿತು. ಬೆಳಿಗ್ಗೆ ತಿಂಡಿಯಾದ ಮೇಲೆ ಕೂತರೆ ಅಶೋಕ ಕತ್ತಲಾಗುವವರೆಗೆ ಏಳಲು ಒಪ್ಪುತ್ತಿರಲಿಲ್ಲ. ತುಂಡಿನ ಮೇಲೆ ತುಂಡು ಬಂತು. ಬಿಳುಪು ಮುಚ್ಚಿತು. ರೊಟ್ಟಿಯ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಮತ್ತೆ ರೊಟ್ಟಿ. ತುಂಬಿ ತುಳುಕಿದ ಮೇಲೆ ಅವನೇ ಅರ್ಧ ಬಳಿದು ತಟ್ಟೆಗೆ ಹಾಕಿ ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದ. “ಚಾಲು” ಎಂದರೆ ಜಾಹ್ನವಿ “ಚಾಲು ನಾನ್ನಾ” ಎಂದು ಇನ್ನೊಂದು ತುಂಡು ಕೊಡುತ್ತಿದ್ದಳು. ಊಟವೂ ಹಾಗೇ. ಕೊರಳಿನ ಹತ್ತಿರ ಅಂಗಿ ಸ್ವಲ್ಪ ತುಂಬಿದಂತೆ ಕಂಡಿತು, ಅಥವಾ ಶಾರದವ್ವನಿಗೆ ಹಾಗೆ ಕಾಣಬೇಕಿತ್ತು.

ಎಂಟನೇ ದಿನವೋ ಒಂಬತ್ತನೇ ದಿನವೋ ಅವನು ಮಲಗಿದ ಮೇಲೆ ಜಾಹ್ನವಿ ಹಲಗೆಯ ಮುಂದೆ ನಿಂತಿದ್ದಳು. ಹಲಗೆ ಜಾತ್ರೆಯಲ್ಲಿ ಚೆಲ್ಲಿದ ಅಂಗಡಿಯಂತಿತ್ತು. ಯಾರೂ ಅದನ್ನು ಗೋಡೆಗೆ ಹಾಕುವಂತಿರಲಿಲ್ಲ.

“ಅತ್ತಾ, ಒಂದು ಮಾತು ಹೇಳ್ತೀನಿ, ಬೈಬೇಡಿ. ನನಗೆ ನಾನು ನಿಲ್ಲಿಸಿದ್ದೇ ಚೆನ್ನಾಗಿತ್ತು ಅನ್ನಿಸ್ತದೆ.”

“ಅನ್ನಸಲಿ. ಅದರಾಗೇನೈತಿ?”

“ಅವು ನಾನ್ನ ಮಾಡಿದವು ಅಂತ ಅಂದುಕೊಂಡಿದ್ದೆ. ಅವರ ಮನಸ್ಸು ನನಗೆ ಗೊತ್ತಾಯ್ತು ಅಂತ. ಅಮ್ಮ ಹೋದ ಮೇಲೆ ಅದೊಂದೇ ಇತ್ತು ನನಗೆ.” ಅವಳು ಒಂದು ಪುಟ್ಟ ದುಂಡನ್ನು ಬೆರಳಿನಿಂದ ಮುಟ್ಟಿದಳು, ಸರಿಸಲಿಲ್ಲ. “ಅವರು ಏನನ್ನೂ ಮುಗಿಸ್ತಾ ಇ‌ರಲೇ ಇಲ್ಲ.”

ಶಾರದವ್ವ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಹುಡುಗಿಯ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಸಿಕ್ಕುಗಟ್ಟಿದ ಕೂದಲನ್ನು ಬಿಡಿಸುತ್ತ ಕೂತಳು.

ಹನ್ನೊಂದನೇ ದಿನ ಬೆಳಿಗ್ಗೆ ಅಶೋಕ ಏಳಲಿಲ್ಲ. ಕಾಫಿ ತಂದ ಜಾಹ್ನವಿ ಕರೆದಳು, ಅಲುಗಿಸಿದಳು, ಮತ್ತೆ ಕರೆದಳು. ಕೆಳಗಿನ ಮಹಡಿಯ ಡಾಕ್ಟರು ಬಂದು ನೋಡಿ, ನಿದ್ದೆಯಲ್ಲೇ ಎರಡನೇ ಸಲ ಹೊಡೆದಿದೆ, ನೋವು ತಿಳಿದಿರಲಿಕ್ಕಿಲ್ಲ ಎಂದರು. ಒಂಬತ್ತರ ಹೊತ್ತಿಗೆ ಮನೆ ತುಂಬಿತು. ಎಲ್ಲ ಮನೆಗಳಲ್ಲೂ ನಡೆಯುವಂತೆಯೇ ನಡೆಯಿತು. ಒಬ್ಬರು ಐಸಿನ ಪೆಟ್ಟಿಗೆಗೆ ಫೋನ್ ಮಾಡಿದರು, ಒಬ್ಬರು ಹೂವಿಗೆ ಹೋದರು, ಹಾಲ್‌ನಲ್ಲಿ ಮಲಗಿಸಲು ಜಾಗ ಬೇಕೆಂದು ಸಾಯಿಲಕ್ಷ್ಮಿಯ ಗಂಡ ಇನ್ನೊಬ್ಬರನ್ನು ಕರೆದುಕೊಂಡು ಮೇಜನ್ನು ಎತ್ತಿದರು.

ಅದರ ಮೇಲಿದ್ದದ್ದನ್ನು ಯಾರೂ ಅಂಟಿಸಿಲ್ಲವೆಂದು ಅವರಿಗೇನು ಗೊತ್ತು? ಹಲಗೆ ವಾಲಿತು. ತುಂಡುಗಳೆಲ್ಲ ಒಮ್ಮೆಲೇ ಜಾರಿ ನೆಲದ ತುಂಬ ಹರಡಿದವು.

ಒಳಕೋಣೆಯಿಂದ ಬಂದ ಜಾಹ್ನವಿ ಅಲ್ಲೇ ಮಂಡಿಯೂರಿದಳು. ಹಲಗೆಯನ್ನು ಎಳೆದುಕೊಂಡು ತುಂಡುಗಳನ್ನು ಮತ್ತೆ ಇಡತೊಡಗಿದಳು. ಕಪ್ಪು ಪಟ್ಟಿ ಇಲ್ಲಿತ್ತು. ಹಳದಿ ಇದರ ಮೇಲೆ. ಅಲ್ಲ, ಕೆಳಗೆ. ಸಾಯಿಲಕ್ಷ್ಮಿ ಪೊರಕೆ ತಂದವಳು ಏನು ಮಾಡಬೇಕೆಂದು ತಿಳಿಯದೆ ನಿಂತಳು.

“ವದ್ದಂಡಿ,” ಎಂದು ಜಾಹ್ನವಿ ತಲೆ ಎತ್ತದೆ ಪೊರಕೆಯನ್ನು ತಡೆದಳು. “ಅತ್ತಾ, ಈ ನೀಲಿ ಎಲ್ಲಿತ್ತು? ನಿನ್ನೆ ಸಂಜೆ ಕೊನೆಗೆ ಇಟ್ಟದ್ದು. ನೀವು ನೋಡಿದ್ರಿ ಕದಾ?”

ಶಾರದವ್ವ ನೋಡಿದ್ದಳು. ಅವನ ಮುಖ ನೋಡಿದ್ದಳು, ಬೆರಳು ನೋಡಿದ್ದಳು. ನೀಲಿ ಎಲ್ಲಿ ಹೋಯಿತೆಂದು ನೋಡಿರಲಿಲ್ಲ.

“ನನಗೂ ನೆಪ್ಪಿಲ್ಲವ್ವಾ.”

“ಅಂಟಿಸಿದ್ರೆ ಇರ್ತಿತ್ತು.”

“ಹೌದು,” ಎಂದಳು ಶಾರದವ್ವ. ಈ ಸಲ ಅವಳು ಸುಳ್ಳು ಹುಡುಕಲಿಲ್ಲ. “ಇರ್ತಿತ್ತು.”

ಕೋಲನ್ನು ಗೋಡೆಗೆ ಆನಿಸಿ, ಸೊಂಟ ಹಿಡಿದುಕೊಂಡು, ನೋವಿಗೆ ಹಲ್ಲು ಕಚ್ಚಿ ಅವಳೂ ನೆಲಕ್ಕೆ ಇಳಿದಳು. ಜನ ಸುತ್ತಿಕೊಂಡು ಓಡಾಡಿದರು. ಅವರಿಬ್ಬರೂ ಮೇಜಿದ್ದ ಜಾಗದಲ್ಲಿ ಕೂತು, ರೊಟ್ಟಿ, ಕರಚಿಕಾಯಿ, ಶಂಕರಪಾಳಿಗಳನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿದರು. ಬಾಗಿಲಲ್ಲಿ ಯಾರೋ ಪೆಟ್ಟಿಗೆ ಬಂತು, ದಾರಿ ಬಿಡಿ ಎಂದರು. ಜಾಹ್ನವಿ ಎದ್ದು ಅಪ್ಪನ ಕೋಣೆಗೆ ಹೋದಳು. ಶಾರದವ್ವನಿಗೆ ತಾನಾಗಿ ಏಳಲಾಗಲಿಲ್ಲ. ಸಾಯಿಲಕ್ಷ್ಮಿ ಪೊರಕೆ ಬದಿಗಿಟ್ಟು ಬಂದು ಎರಡೂ ಕೈ ಕೊಟ್ಟಳು.